ಕರಡಿಗೆ ಮತ್ತು ತಿರುಗುವ ಖುರ್ಚಿ

ತಾಂಬಾ, ತಾ. ಇಂಡಿ
ಗುರುವಾರ, 24 ಏಪ್ರಿಲ್ 2025

ಪ್ರೀತಿಯ ಮಗಳು ಜಯಮಾಲಾಳಿಗೆ,

ನಿನ್ನ ಅಪ್ಪನ ಆಶೀರ್ವಾದಗಳು. ಮೊದಲು ಮೊಣಕಾಲಿನ ವಿಷಯ ಬರೆ. ಬಾವು ಇಳಿಯಿತೋ ಇಲ್ಲವೋ? ಪರೇಡಿನಲ್ಲಿ ಕಾಲು ಜೋರಾಗಿ ಬಡಿಯುವುದೇ ಶೂರತನ ಎಂದು ತಿಳಿಯಬೇಡ. ಆ ಕಾಲು ಇನ್ನೂ ಮೂವತ್ತು ವರ್ಷ ಪೊಲೀಸ್ ನೌಕರಿ ಮಾಡಬೇಕು. ಕಲಬುರ್ಗಿಯ ಬಿಸಿಲು ನಮ್ಮ ಬಿಸಿಲಿಗಿಂತ ಒಂದು ಕೈ ಮೇಲು ಎಂದು ಕೇಳಿದ್ದೇನೆ, ಮಜ್ಜಿಗೆ ಸಿಕ್ಕರೆ ಬಿಡಬೇಡ. ಇಲ್ಲಿ ನಾವಿಬ್ಬರೂ ಆರಾಮ. ನನ್ನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಅಂದರೆ ನಿಮ್ಮವ್ವನ ಹತೋಟಿಯಲ್ಲಿದೆ. ಕರಿ ಎಮ್ಮೆ ಹೋದ ವಾರ ಹೆಣ್ಣು ಕರು ಹಾಕಿತು. ಗಿಣ್ಣ ಮಾಡಿದ ದಿನ ನಿಮ್ಮವ್ವ ರೂಢಿಯಂತೆ ನಿನ್ನ ಪಾಲನ್ನು ಬಟ್ಟಲಿಗೆ ಹಾಕಿ, ಆಮೇಲೆ ನೆನಪಾಗಿ, ಆ ಬಟ್ಟಲಿಗೆ ತಟ್ಟೆ ಮುಚ್ಚಿಟ್ಟಳು. ಕೊನೆಗೆ ಅದನ್ನು ನಾನೇ ತಿಂದೆ. ಸಕ್ಕರೆ ಕಾಯಿಲೆಗೆ ಆವತ್ತು ರಜೆ.

ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನಬೇಡ. ನಿಮ್ಮ ತರಬೇತಿ ಶಾಲೆಯವರು ಭಾನುವಾರ ಐದು ನಿಮಿಷ ಫೋನು ಕೈಗೆ ಕೊಡುತ್ತಾರೆ, ಅದರಲ್ಲಿ ಎರಡು ನಿಮಿಷ ‘ಕೇಳಸಾಕತ್ತೈತೇನು’ ಎನ್ನುವುದರಲ್ಲೇ ಹೋಗುತ್ತದೆ. ಮೂವತ್ತೆಂಟು ವರ್ಷ ಈ ಊರಿನ ಅಂಚೆ ಕಚೇರಿಯಲ್ಲಿ ಕುಳಿತು ಬೇರೆಯವರ ಪತ್ರಗಳಿಗೆ ಮುದ್ರೆ ಒತ್ತಿದವನು ನಾನು. ನನ್ನ ಮಗಳಿಗೆ ನಾಲ್ಕು ಪುಟ ಬರೆಯುವ ಹಕ್ಕು ನನಗಿದೆ. ಅದೂ ಅಲ್ಲದೆ, ಕಳೆದ ಭಾನುವಾರ ನೀನು ನಿಮ್ಮವ್ವನಿಗೆ ಏನು ಹೇಳಿದೆಯೋ ಅದಕ್ಕೆ ಉತ್ತರ ಐದು ನಿಮಿಷದಲ್ಲಿ ಮುಗಿಯುವುದಿಲ್ಲ. ‘ನಮ್ಮವ್ವ ಎಲೆಕ್ಷನ್ನಾಗ ಆರಿಸಿ ಬರಾಕಿ ಅಂತ ಇಲ್ಲಿ ಎಲ್ಲಾರಿಗೂ ಹೇಳಿದ್ನೆವ್ವಾ, ನೀ ನೋಡಿದ್ರ ಸೋಲ್ತೇನಿ ಅಂತ ಅಂಜಿ ಊರು ಬಿಟ್ಟು ಓಡಿ ಹೋದೆಂತ’ ಎಂದೆಯಲ್ಲ, ನಾನು ಪಕ್ಕದಲ್ಲೇ ಕುಳಿತಿದ್ದೆ, ಕೇಳಿಸಿತು. ನೀನು ಫೋನು ಇಟ್ಟ ಮೇಲೆ ನಿಮ್ಮವ್ವ ಅದನ್ನು ಗೋಡೆಯ ಮಾಡದಲ್ಲಿಟ್ಟು, ಎಮ್ಮೆಗೆ ಮೇವು ಕತ್ತರಿಸಲು ಹೋದಳು. ಸಂಜೆಯ ಮೇವನ್ನೂ ಮರುದಿನದ ಮೇವನ್ನೂ ಒಮ್ಮೆಗೇ ಕತ್ತರಿಸಿ ಹಾಕಿದಳು.

ನಿನ್ನ ಕಿವಿ ತುಂಬಿದವನು ನಿನ್ನ ಕಾಕಾನ ಮಗ ಸಂಗು ಎಂದು ನನಗೆ ಗೊತ್ತು. ಅವನು ನೋಡಿದ್ದು ಅರ್ಧ, ಹೇಳಿದ್ದು ಎರಡರಷ್ಟು. ಪೂರ್ತಿ ನಡೆದದ್ದನ್ನು ನಾನು ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ನೀನು ಇದನ್ನು ನಿನ್ನ ಕೋಣೆಯ ಹುಡುಗಿಯರಿಗೆ ಓದಿ ಹೇಳಬೇಕು. ಅವರ ಮುಂದೆ ನಿನ್ನ ತಲೆ ತಗ್ಗಿತು ಎಂದೆಯಲ್ಲ, ಓದಿದ ಮೇಲೆ ಎತ್ತಿಕೋ.

ನಿಮ್ಮವ್ವನಿಗೆ ಆ ಅಧ್ಯಕ್ಷೆಯ ಖುರ್ಚಿಯ ಮೇಲೆ ಎಷ್ಟು ಆಸೆ ಇತ್ತೆಂಬುದು ನಿನಗಿಂತ ನನಗೆ ಗೊತ್ತು. ಮಹಿಳಾ ಹಾಲಿನ ಸಂಘದಲ್ಲಿ ಹದಿನಾಲ್ಕು ವರ್ಷ ಕ್ಯಾನು ಹೊತ್ತವಳು, ಎರಡು ಸಲ ನಿರ್ದೇಶಕಿಯಾದವಳು. ಅಧ್ಯಕ್ಷೆಯಾದರೆ ಹಾಲು ಹಾಕಲು ಬರುವ ಹೆಂಗಸರಿಗೆ ನಿಲ್ಲಲು ನೆರಳು ಮಾಡಿಸಬೇಕು, ಪಶುವೈದ್ಯರು ವಾರಕ್ಕೊಮ್ಮೆ ಬರುವಂತೆ ಮಾಡಬೇಕು ಎಂದೆಲ್ಲ ಲೆಕ್ಕ ಹಾಕಿದ್ದಳು. ಅದು ಒಂದು. ಇನ್ನೊಂದು, ಆ ತಿರುಗುವ ಖುರ್ಚಿ. ‘ಸುಳ್ಳ ಯಾಕ ಹೇಳ್ಲಿ, ಒಂದ ಸಲಾ ಅದರಾಗ ಕುಂತು ಗರ್‍ರ್ ಅಂತ ತಿರಗಬೇಕರೀ’ ಎಂದು ನನ್ನ ಮುಂದೆ ಒಪ್ಪಿಕೊಂಡಿದ್ದಳು. ಭಾಷಣವನ್ನು ಎಮ್ಮೆಯ ಮುಂದೆ ನಿಂತು ಕಲಿತಳು. ಎಮ್ಮೆ ತಲೆ ಅಲ್ಲಾಡಿಸಿದಾಗಲೆಲ್ಲ ಆ ವಾಕ್ಯ ಬದಲಾಯಿಸುತ್ತಿದ್ದಳು. ಒಂಬತ್ತು ನಿರ್ದೇಶಕಿಯರಲ್ಲಿ ಆಕೆಯೂ ಸೇರಿ ಐದು ಜನ ಈ ಕಡೆ, ನಮ್ಮ ಪಕ್ಕದ ಮನೆಯ ಜೋಹರಾಬಿಯೇ ಮುಂದಾಳು. ಎದುರಿಗೆ ಸುನೀತಾ ಮತ್ತು ಆಕೆಯ ಮೂವರು. ಗೆಲುವು ಕೈಯಲ್ಲೇ ಇತ್ತು. ನಾನು ಆಕೆಗಿಂತ ಒಂದು ಹೆಜ್ಜೆ ಮುಂದೆ ಹೋಗಿ ‘ನೂತನ ಅಧ್ಯಕ್ಷೆ’ ಎಂದು ಆಕೆಯ ಫೋಟೋ ಹಾಕಿ ಇಂಡಿಯಲ್ಲಿ ಬ್ಯಾನರು ಮಾಡಿಸಿ ತಂದು ಮಂಚದ ಕೆಳಗೆ ಸುತ್ತಿಟ್ಟಿದ್ದೆ. ನಗಬೇಡ.

ಚುನಾವಣೆ ಬುಧವಾರ ಹದಿನಾರನೆಯ ತಾರೀಖು. ಮಂಗಳವಾರ ನಾವಿಬ್ಬರೂ ಇಂಡಿಗೆ ಹೋದೆವು. ಹೋದದ್ದು ನನ್ನ ಒತ್ತಾಯಕ್ಕೆ. ನಿಮ್ಮವ್ವನ ಕೊರಳಿನ, ಇಷ್ಟಲಿಂಗ ಇಡುವ ಬೆಳ್ಳಿ ಕರಡಿಗೆಯ ಕೀಲು ಸಡಿಲಾಗಿತ್ತು, ಬೆಳ್ಳಿಯೂ ಕಪ್ಪಾಗಿತ್ತು. ‘ನಾಳೆ ಖುರ್ಚಿ ಮ್ಯಾಲೆ ಕೂಡಾಕಿ, ಫೋಟೋ ತಗೀತಾರ, ಕೊರಳಾಗ ಇಂಥಾ ಕರಡಿಗಿ ಛಲೋ ಕಾಣಂಗಿಲ್ಲ’ ಎಂದೆ. ಆಕೆಗೂ ಒಳಗೊಳಗೆ ಬೇಕಾಗಿತ್ತು, ಹೂಂ ಎಂದಳು. ಬೆಳ್ಳಿ ಕೆಲಸದ ಶಂಕ್ರೆಪ್ಪ ಪತ್ತಾರನ ಅಂಗಡಿಯಲ್ಲಿ ನಮಗಿಂತ ಮೊದಲೇ ಒಬ್ಬ ಅಜ್ಜಿ ಬಂದು ಕುಳಿತಿದ್ದಳು. ಆಕೆಯೂ ಕರಡಿಗೆ ತೊಳೆಸಲೆಂದೇ ಬಂದವಳು. ಇಂಗಳೇಶ್ವರದವಳಂತೆ, ಹೆಸರು ಬಾಳವ್ವ, ವಯಸ್ಸು ಎಂಬತ್ತು ದಾಟಿದೆ. ಮಗಳ ಮನೆಗೆಂದು ಇಂಡಿಗೆ ಬಂದಿದ್ದಳು, ಅಂದೇ ಊರಿಗೆ ಹಿಂದಿರುಗುವವಳಿದ್ದಳು. ಇಬ್ಬರೂ ತಮ್ಮ ತಮ್ಮ ಲಿಂಗವನ್ನು ಕರಡಿಗೆಯಿಂದ ತೆಗೆದು, ಬಿಳಿ ವಸ್ತ್ರದಲ್ಲಿ ಸುತ್ತಿ, ಶಂಕ್ರೆಪ್ಪನ ದೇವರ ಮಾಡದಲ್ಲಿ ವಿಭೂತಿಯ ಪಕ್ಕದಲ್ಲಿಟ್ಟರು. ಎರಡೂ ಬಿಳಿಯ ಗಂಟು, ಎರಡೂ ಲಿಂಬೆಹಣ್ಣಿನಷ್ಟೇ ದಪ್ಪ.

ತಪ್ಪು ಮಾಡಿದವನು ನಾನು, ಅದನ್ನು ಇಲ್ಲಿಯೇ ಬರೆದುಬಿಡುತ್ತೇನೆ. ಕರಡಿಗೆ ಬೆಳ್ಳಗೆ ಹೊಳೆಯುತ್ತ ಕೈಗೆ ಬಂತು, ಅಷ್ಟರಲ್ಲಿ ಹೊರಗೆ ತಾಂಬಾ ಟೆಂಪೋ ಹಾರ್ನು ಹೊಡೆಯಿತು. ನಿಮ್ಮವ್ವ ಚೀಲ ಎತ್ತಿಕೊಳ್ಳುವುದರೊಳಗೆ ನಾನು ಮಾಡಕ್ಕೆ ಕೈ ಹಾಕಿ ಒಂದು ಗಂಟು ತೆಗೆದು ಆಕೆಯ ಅಂಗೈಯಲ್ಲಿಟ್ಟೆ. ನಾಲ್ಕು ಜನರ ಮುಂದೆ ಲಿಂಗವನ್ನು ಬಿಚ್ಚಿ ನೋಡುವ ಪದ್ಧತಿ ಇಲ್ಲವಲ್ಲ, ಆಕೆ ಹಾಗೆಯೇ ಕರಡಿಗೆಯೊಳಗೆ ಇಟ್ಟು ಕೊರಳಿಗೆ ಹಾಕಿಕೊಂಡಳು. ದಾರಿಯುದ್ದಕ್ಕೂ ಬೆರಳಿನಿಂದ ಕರಡಿಗೆ ಸವರುತ್ತ ಬಂದಳು. ಬಹಳ ಚೆಂದ ಕಾಣುತ್ತಿತ್ತು, ನಿಜ ಹೇಳುತ್ತೇನೆ.

ಆ ಸಂಜೆಯೇ ಪೂಜೆಗೆ ಕುಳಿತಿದ್ದರೆ ಗೊತ್ತಾಗುತ್ತಿತ್ತು. ಮನೆ ತುಂಬ ಜನ. ನಾಲ್ವರು ನಿರ್ದೇಶಕಿಯರು, ಅವರ ಗಂಡಂದಿರು, ಕೆಲಸವಿಲ್ಲದ ಆರು ಜನ. ಚಹಾದ ಮೇಲೆ ಚಹಾ. ನಿಮ್ಮವ್ವ ಬರೀ ಹಣೆಗೆ ವಿಭೂತಿ ಹಚ್ಚಿಕೊಂಡು ‘ಶಿವಾ’ ಎಂದು ಊಟಕ್ಕೆ ಕುಳಿತಳು. ಮದುವೆಯಾಗಿ ಮೂವತ್ತೊಂದು ವರ್ಷಗಳಲ್ಲಿ, ನಿನ್ನನ್ನು ಹೆತ್ತಾಗ ಬಿಟ್ಟರೆ, ಆಕೆ ಸಂಜೆಯ ಪೂಜೆ ತಪ್ಪಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೂ ಆಗ ಏನೂ ಅನ್ನಿಸಲಿಲ್ಲ. ನಾಳೆಯ ದಿನ ದೊಡ್ಡದು, ದೇವರು ತಿಳಿದುಕೊಳ್ಳುತ್ತಾನೆ ಎಂದುಕೊಂಡೆ. ದೇವರಿಗೆ ತಿಳಿಸಿ ಹೇಳುವುದರಲ್ಲಿ ನಾವು ಗಂಡಸರು ಮೊದಲಿನಿಂದಲೂ ಜಾಣರು.

ಬುಧವಾರ ಬೆಳಿಗ್ಗೆ ಹಿಂಡಿಕೆ ಮುಗಿಸಿ, ಜಳಕ ಮಾಡಿ, ಆಕೆ ಪೂಜೆಗೆ ಕುಳಿತಾಗ ಎಂಟು ಗಂಟೆಯ ಸುಮಾರು. ನಾನು ಕನ್ನಡಿಯ ಮುಂದೆ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದೆ. ಒಳಗಿನಿಂದ ಸಪ್ಪಳವೇ ಇಲ್ಲ, ಗಂಟೆಯೂ ಇಲ್ಲ, ಮಂತ್ರವೂ ಇಲ್ಲ. ಇಣುಕಿ ನೋಡಿದೆ. ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ನೋಡುತ್ತ ಕುಳಿತಿದ್ದಾಳೆ, ಪತ್ರಿ ಏರಿಸಿಲ್ಲ. ‘ಇದು ನಂದಲ್ಲರೀ’ ಎಂದಳು. ನನ್ನ ಬಾಯಿಂದ ಬಂದ ಮೊದಲ ಮಾತು, ‘ನಿಂದ ಐತಿ, ಮುಂಜಾನಿ ಬೆಳಕಿಗೆ ಹಂಗ ಕಾಣ್ತೈತಿ.’ ಆಕೆ ಸಿಟ್ಟಾಗಲಿಲ್ಲ. ‘ಮೂರು ವರ್ಷದಾಕಿ ಇದ್ದಾಗಿಂದ ನನ್ನ ಅಂಗೈಯಾಗ ಕುಂತದ್ದು ನನಗ ಗೊತ್ತಾಗಂಗಿಲ್ಲೇನು? ತೂಕ ಬ್ಯಾರೆ, ನುಣುಪು ಬ್ಯಾರೆ. ಇದು ಆ ಇಂಗಳೇಶ್ವರದ ಆಯೀದು’ ಎಂದಳು. ಆಗ ನಾನು ಶಂಕ್ರೆಪ್ಪ ಫೋನು ಮಾಡಿದ್ದನ್ನು ಹೇಳಲೇಬೇಕಾಯಿತು. ಬಾಳವ್ವನಿಗೆ ಹಿಂದಿನ ಸಂಜೆ ಊರು ಮುಟ್ಟಿ ಪೂಜೆಗೆ ಕುಳಿತಾಗಲೇ ಗೊತ್ತಾಗಿದೆ. ತನ್ನ ಲಿಂಗದ ಪೂಜೆಯಾಗದೆ ರಾತ್ರಿ ಉಂಡಿಲ್ಲ, ನೀರೂ ಮುಟ್ಟಿಲ್ಲ. ಆಕೆಯ ಮಗ ಸಿದ್ದಾರೂಢ ಟೆಂಪೋ ಓಡಿಸುವವನು, ಬಾಡಿಗೆ ಹಿಡಿದು ಮುದ್ದೇಬಿಹಾಳಕ್ಕೆ ಹೊರಟಿದ್ದಾನೆ, ಸಂಜೆ ಬಂದು ಅವ್ವನ ಲಿಂಗ ಒಯ್ಯುತ್ತೇನೆ ಎಂದು ಶಂಕ್ರೆಪ್ಪನಿಗೆ ಹೇಳಿದ್ದಾನೆ. ಇಷ್ಟು ವಿಷಯ.

ಗೂಟಕ್ಕೆ ಹಚ್ಚ ಹಸಿರು ಇಳಕಲ್ ಸೀರೆ ಇಸ್ತ್ರಿ ಮಾಡಿ ನೇತುಹಾಕಿತ್ತು, ನಿಮ್ಮವ್ವ ಅದನ್ನು ನೋಡಿದಳು. ಹತ್ತರಿಂದ ಹನ್ನೊಂದರೊಳಗೆ ಸಂಘದ ಕಚೇರಿಯಲ್ಲಿ ಇದ್ದು ಅರ್ಜಿಗೆ ಸಹಿ ಹಾಕಬೇಕು, ನಮ್ಮ ಕಡೆಯಿಂದ ನಿಲ್ಲಲು ಒಪ್ಪಿದವಳು ಆಕೆಯೊಬ್ಬಳೇ, ಇಲ್ಲದಿದ್ದರೆ ಸುನೀತಾ ಅವಿರೋಧವಾಗಿ ಅಧ್ಯಕ್ಷೆ. ಇದು ಆಕೆಗೂ ಗೊತ್ತು. ನಾನು ಹೋಗುತ್ತೇನೆ, ನೀನು ಇಲ್ಲಿರು ಎಂದೆ. ‘ಒಮ್ಮೆ ನಿಮ್ಮ ಕೈಯಾಗ ಕೊಟ್ಟದ್ದು ಸಾಕು. ಲಿಂಗ ಏನು ಟಪಾಲಾ, ಯಾರ ಕೈಯಾಗರೇ ಕೊಟ್ಟು ಕಳಸಾಕ?’ ಎಂದಳು. ಮೂವತ್ತೆಂಟು ವರ್ಷದ ಸೇವೆಗೆ ಇದು ಮರ್ಯಾದೆ. ಬರೀ ಸಹಿ ಮಾಡಿ ಹೋಗೋಣ, ಸಂಜೆಯವರೆಗೆ ಆಕೆಯ ಮಗ ಬಂದೇ ಬರುತ್ತಾನೆ ಎಂದೆ. ಕೂಗಾಡಿದೆ ಕೂಡ. ಆಗ ಆಕೆ ಹೇಳಿದ ಮಾತನ್ನು ಇದ್ದಂತೆಯೇ ಬರೆಯುತ್ತೇನೆ: ‘ನಿನ್ನಿ ಸಂಜಿ ಖುರ್ಚಿ ಮುಂದಾತು, ಪೂಜಿ ಹಿಂದಾತು. ಅದಕ್ಕ ಒಂದು ಮುದಿ ಜೀವ ರಾತ್ರಿ ಎಲ್ಲಾ ನೀರಿಲ್ಲದಂಗ ಕುಂತೈತಿ. ಇವತ್ತೂ ಹಂಗ ಮಾಡಿ ಆ ಖುರ್ಚಿ ಮ್ಯಾಲೆ ಕುಂತ್ರ ನನಗ ಅದು ಚುಚ್ಚತೈತ್ರಿ.’

ಹಸಿರು ಸೀರೆ ಗೂಟದ ಮೇಲೆಯೇ ಉಳಿಯಿತು. ಉಟ್ಟ ಸೀರೆಯ ಮೇಲೆಯೇ ಹೊರಬಿದ್ದಳು. ಬಾಗಿಲಲ್ಲಿ ಜೋಹರಾಬಿ ಸಿಕ್ಕಳು, ಕಚೇರಿಗೆ ಜೊತೆಯಾಗಿ ಹೋಗೋಣ ಎಂದು ಬಂದಿದ್ದವಳು. ಆಕೆಯಾದರೂ ತಡೆದಾಳು ಎಂದು ನಾನು ಎಲ್ಲವನ್ನೂ ಹೇಳಿದೆ. ಜೋಹರಾಬಿ ನಿಮ್ಮವ್ವನ ಮುಖ ನೋಡಿ, ‘ನಡಿ ಗುರವ್ವಕ್ಕಾ. ನಾ ನಮಾಜಿಗೆ ನಿಂತಾಗ ಯಾರ ಕರದ್ರೂ ನಡುವ ಬಿಟ್ಟು ಬರತೇನೇನು? ಮನೀ, ಎಮ್ಮಿ ನಾ ನೋಡ್ಕೋತೇನಿ’ ಎಂದಳು. ಮಗ ತೌಸಿಫನ ಬೈಕಿನ ಮೇಲೆ ಕಳಿಸೋಣವೆಂದರೆ ಅವನು ಅಷ್ಟೊತ್ತಿಗೆ ಲಿಂಬೆಹಣ್ಣು ಹೇರಿಕೊಂಡು ಇಂಡಿಯ ಸಂತೆಗೆ ಹೋಗಿದ್ದ. ಬಸ್ಸೇ ಗತಿ. ನಾನು ಟೊಪ್ಪಿಗೆ ಹಾಕಿಕೊಂಡು ಹಿಂದೆ ಹೊರಟೆ, ಸಿಟ್ಟಿನಲ್ಲೇ. ಸಂಗು ಊರ ಅಗಸಿ ಬಾಗಿಲ ಹತ್ತಿರ ನಿಂತು ನೋಡಿದ್ದು ಇಷ್ಟನ್ನೇ. ಗುರವ್ವ ಅವಸರದಿಂದ ಬಸ್ಸು ಹತ್ತುತ್ತಿದ್ದಾಳೆ, ಹಿಂದೆ ಗಂಡ ಬಯ್ಯುತ್ತ ಓಡುತ್ತಿದ್ದಾನೆ.

ದೇವರಹಿಪ್ಪರಗಿಯಲ್ಲಿ ಒಂದು ಬಸ್ಸು ಬದಲಿ, ಬಸವನ ಬಾಗೇವಾಡಿಯಲ್ಲಿ ಇನ್ನೊಂದು. ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿನ ಸರಳು ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ನಿಮ್ಮವ್ವ ಸೆರಗಿನ ಒಳಗೆ ಎರಡೂ ಕೈಗಳಿಂದ ಕರಡಿಗೆ ಹಿಡಿದುಕೊಂಡು ಕುಳಿತಿದ್ದಳು. ಪಕ್ಕದ ಹೆಣ್ಣುಮಗಳು ನೀರಿನ ಬಾಟಲಿ ಮುಂದೆ ಹಿಡಿದರೆ ನಕ್ಕು ಬೇಡವೆಂದಳು, ತುಟಿ ಒಣಗಿ ಬಿಳಿಚಿತ್ತು. ನನ್ನ ಕಥೆಯನ್ನೂ ಕೇಳು. ಬಾಗೇವಾಡಿಯ ನಿಲ್ದಾಣದಲ್ಲಿ ಬಸ್ಸಿನ ಸಮಯ ಕೇಳಿಕೊಂಡು ಬರುತ್ತೇನೆಂದು ಹೇಳಿ ಹೋಗಿ, ಗಾಡಿಯ ಮರೆಯಲ್ಲಿ ನಿಂತು ಎರಡು ಮಿರ್ಚಿ ಭಜಿ ತಿಂದು, ಒಂದು ಗ್ಲಾಸು ಚಹಾ ಕುಡಿದೆ. ತಿರುಗಿ ಬಂದಾಗ ಆಕೆ ನನ್ನ ಮೀಸೆ ನೋಡಿ, ‘ಎಣ್ಣಿ ಒರಸಿಕೋರಿ’ ಎಂದಳು. ಅಷ್ಟೇ. ಅಲ್ಲಿನ ಗಡಿಯಾರದಲ್ಲಿ ಹನ್ನೊಂದು ಹೊಡೆಯಲು ಐದು ನಿಮಿಷ ಇತ್ತು. ನಾನು ಅದನ್ನು ನೋಡಿದೆ, ಆಕೆ ನೋಡಿದ್ದನ್ನೂ ನೋಡಿದೆ. ಆಕೆಯ ಕಣ್ಣಲ್ಲಿ ನೀರು ಬಂತು ಜಯಾ, ಬರಲಿಲ್ಲ ಎಂದು ನಾನು ಸುಳ್ಳು ಬರೆಯುವುದಿಲ್ಲ. ಹದಿನಾಲ್ಕು ವರ್ಷದ ಆಸೆ ಐದು ನಿಮಿಷದಲ್ಲಿ ಮುಗಿಯುವಾಗ ಯಾರಿಗಾದರೂ ಬರುತ್ತದೆ. ಸೆರಗಿನಿಂದ ಒರೆಸಿಕೊಂಡು ಇಂಗಳೇಶ್ವರದ ಬಸ್ಸು ಹತ್ತಿದಳು.

ಬಾಳವ್ವ ಮನೆಯ ಕಟ್ಟೆಯ ಮೇಲೆ ದಾರಿ ನೋಡುತ್ತ ಕುಳಿತಿದ್ದಳು. ಪಕ್ಕದಲ್ಲಿ ತಂಬಿಗೆ ತುಂಬ ನೀರು, ಸೊಸೆ ಇಟ್ಟು ಹೋದದ್ದು, ಮುಟ್ಟಿರಲಿಲ್ಲ. ದನಿ ಕುಗ್ಗಿತ್ತು, ಕುಳಿತ ಭಂಗಿ ಮಾತ್ರ ನೆಟ್ಟಗಿತ್ತು. ನಿಮ್ಮವ್ವ ಹೋಗಿ ಕಾಲು ಹಿಡಿದು ತಪ್ಪಾಯಿತು ಎಂದಳು. ಮುದುಕಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ‘ತಪ್ಪು ಆಮ್ಯಾಲೆ ಹೇಳಾಕಂತಿ, ಮೊದಲ ಕೊಡು’ ಎಂದು ಅಂಗೈ ಚಾಚಿದಳು. ಇಬ್ಬರೂ ಒಳಗೆ ಹೋದರು. ಜಳಕವಾಗಿ, ಅಕ್ಕಪಕ್ಕ ಮಣೆ ಹಾಕಿಕೊಂಡು ಕುಳಿತು, ತಂತಮ್ಮ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡರು. ನಾನು ಪಡಸಾಲೆಯಿಂದ ನೋಡುತ್ತಿದ್ದೆ. ಮಾತಿಲ್ಲ, ಅವಸರವಿಲ್ಲ. ಬೆಳಗಿನಿಂದ ಎರಡು ಬಸ್ಸು ಬದಲಿಸಿ, ಬಿಸಿಲಲ್ಲಿ ಬೆಂದು, ಆಸೆಪಟ್ಟದ್ದನ್ನು ಕಳೆದುಕೊಂಡು ಬಂದ ಹೆಂಗಸಿನ ಮುಖ ಅದಲ್ಲ. ನನಗೆ ಆಗ ಎಷ್ಟು ಹೆಮ್ಮೆ ಎನ್ನಿಸಿತೆಂದರೆ, ಯಾರಾದರೂ ದಾರಿಯಲ್ಲಿ ಹೋಗುತ್ತಿದ್ದರೆ ಕರೆದು ‘ಈಕಿ ನನ್ನ ಹೇಣ್ತಿ’ ಎಂದು ಹೇಳುತ್ತಿದ್ದೆ. ಯಾರೂ ಬರಲಿಲ್ಲ, ಅದಕ್ಕೆ ನಿನಗೆ ಬರೆಯುತ್ತಿದ್ದೇನೆ.

ಪೂಜೆಯಾದ ಮೇಲೆ ಬಾಳವ್ವ ನೀರು ಕುಡಿದಳು, ಒಂದು ತಂಬಿಗೆ ಪೂರ್ತಿ. ಎಲ್ಲರೂ ರೊಟ್ಟಿ, ಝುಣಕ ಉಂಡೆವು. ನಾವು ಬರದೆ ಇದ್ದರೆ ಏನು ಮಾಡುತ್ತಿದ್ದಿರಿ ಎಂದು ನಾನೇ ಕೇಳಿದೆ. ಮುದುಕಿ ನನ್ನನ್ನು ನೋಡಿದ ರೀತಿಯಲ್ಲಿ, ಇಂಥ ಪ್ರಶ್ನೆ ಕೇಳುವ ಮನುಷ್ಯನನ್ನು ಆಕೆ ಮೊದಲ ಸಲ ಕಂಡಂತಿತ್ತು. ‘ಬರದಂಗ ಹೆಂಗ ಇರ್ತಾಳ? ಆಕೀದು ನನ್ನ ಕಡೆ ಇತ್ತಲ್ಲ’ ಎಂದಳು. ಚುನಾವಣೆಯ ವಿಷಯವನ್ನು ನಿಮ್ಮವ್ವ ಎತ್ತಲೇ ಇಲ್ಲ, ನಾನು ಬಾಯಿ ತೆರೆದರೆ ಕಾಲು ತುಳಿದಳು.

ಊರಿಗೆ ಬಂದಾಗ ಸಂಜೆಯಾಗಿತ್ತು. ಸುನೀತಾಳಿಗೆ ಹಾರ ಹಾಕಿ, ಪಟಾಕಿ ಹೊಡೆದು ಎಲ್ಲ ಮುಗಿದಿತ್ತು. ನಿಮ್ಮವ್ವ ಮೋರೆ ತೊಳೆದುಕೊಂಡು ನೇರವಾಗಿ ಸುನೀತಾಳ ಮನೆಗೆ ಹೋಗಿ ಕುಂಕುಮ ಹಚ್ಚಿ ಬಂದಳು, ಹೆಂಗಸರು ನಿಲ್ಲುವ ನೆರಳಿನ ವಿಷಯವನ್ನೂ ಕಿವಿಗೆ ಹಾಕಿ ಬಂದಳು. ನಾನಾಗಿದ್ದರೆ ಒಂದು ತಿಂಗಳು ಆ ಓಣಿಗೆ ಹೋಗುತ್ತಿರಲಿಲ್ಲ. ಅಂಜಿ ಓಡಿದಳು ಎಂಬ ಮಾತು ಮರುದಿನ ಹೋಟೆಲಿನಲ್ಲಿ ಹುಟ್ಟಿತು. ಜೋಹರಾಬಿ ಹಾಲಿನ ಡೇರಿಯ ಮುಂದೆ ನಿಂತು ನಾಲ್ಕು ಜನಕ್ಕೆ ಝಾಡಿಸಿದ್ದಾಳೆ, ಆದರೂ ಹಬ್ಬಿತು. ನಿಮ್ಮವ್ವನಿಗೆ ಅದರ ಚಿಂತೆ ಇರಲಿಲ್ಲ. ಪೂಜೆಯ ವಿಷಯ ಡಂಗುರ ಹೊಡೆಯುವುದಲ್ಲ, ಯಾರಿಗೂ ಹೇಳಬೇಡಿ ಎಂದು ನನ್ನ ಬಾಯಿ ಕಟ್ಟಿದ್ದಳು. ನಿನ್ನಿಂದ ಅದೇ ಮಾತು ಕೇಳಿದಾಗ ಮಾತ್ರ ಆಕೆ ಸೋತಳು. ಆದ್ದರಿಂದ ನಾನು ಆಣೆ ಮುರಿದು ಬರೆದಿದ್ದೇನೆ. ನಿನ್ನ ಕೋಣೆಯವರು ಕೇಳಿದರೆ ಹೇಳು, ನಮ್ಮವ್ವ ಅಧ್ಯಕ್ಷೆಯಾಗಲಿಲ್ಲ, ಆಗಬಹುದಿತ್ತು, ಆಕೆಗೆ ಅದಕ್ಕಿಂತ ಮೊದಲು ಮಾಡುವ ಕೆಲಸ ಒಂದಿತ್ತು ಎಂದು.

ಮೊಣಕಾಲಿಗೆ ಸಾಸಿವೆ ಎಣ್ಣೆ ಬಿಸಿ ಮಾಡಿ ಹಚ್ಚಿಕೋ. ಹಿರಿಯ ಅಧಿಕಾರಿಗಳ ಮಾತು ಕೇಳು, ಹಸಿದುಕೊಂಡು ಇರಬೇಡ. ಸಿದ್ಧೇಶ್ವರ ನಿನಗೆ ಆಯುಷ್ಯ, ಆರೋಗ್ಯ ಕೊಟ್ಟು ಕಾಯಲಿ. ಜೋಹರಾಬಿಯೂ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ನಿನ್ನ ದಾರಿ ನೋಡುತ್ತಿರುವ ಅಪ್ಪ,
ಗುರುಲಿಂಗಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಒಂದು ವಿಷಯ ನುಂಗಿಕೊಂಡಿದ್ದೇನೆ. ಶಂಕ್ರೆಪ್ಪನ ಫೋನು ಬಂದದ್ದು ಆ ಬೆಳಿಗ್ಗೆ ಆರು ಗಂಟೆಗೆ. ನಾನು ಹೇಳಿದ್ದು ಎಂಟಕ್ಕೆ. ಕಲ್ಲು ಕಲ್ಲೇ, ನಿಮ್ಮವ್ವನಿಗೆ ಗೊತ್ತಾಗುವುದಿಲ್ಲ, ಹನ್ನೊಂದು ದಾಟಿದ ಮೇಲೆ ಹೇಳಿದರಾಯಿತು ಎಂದು ಸುಮ್ಮನಿದ್ದೆ. ಆರಕ್ಕೆ ತೌಸಿಫ ನಮ್ಮ ಬಾಗಿಲ ಮುಂದೆಯೇ ಬೈಕು ಒರೆಸುತ್ತಿದ್ದ. ಆಗಲೇ ಹೇಳಿದ್ದರೆ ಆಕೆ ಅವನ ಹಿಂದೆ ಕುಳಿತು ಹೋಗಿ, ಪೂಜೆ ಮುಗಿಸಿ, ಹತ್ತಕ್ಕೆಲ್ಲ ಬಂದು ಸಹಿ ಹಾಕುತ್ತಿದ್ದಳು. ಆಕೆಯ ಖುರ್ಚಿ ಹೋದದ್ದು ಪೂಜೆಯಿಂದಲ್ಲ, ನನ್ನಿಂದ. ನೀರಿಲ್ಲದೆ ಕುಳಿತ ಮುದುಕಿಯ ಸುದ್ದಿಯನ್ನು ಎರಡು ತಾಸು ಜೇಬಿನಲ್ಲಿಟ್ಟುಕೊಂಡು ಮೀಸೆ ತೀಡುತ್ತಿದ್ದೆ. ನಿಮ್ಮವ್ವನಿಗೆ ಇದು ಗೊತ್ತಿಲ್ಲ. ಒಂದು ಸಂಜೆ ಪೂಜೆ ಬಿಟ್ಟದ್ದಕ್ಕೆ ಹೀಗಾಯಿತೆಂದು ಎಂಟು ದಿನದಿಂದ ತನ್ನನ್ನೇ ಬೈದುಕೊಳ್ಳುತ್ತಿದ್ದಾಳೆ, ನಾನು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದೇನೆ. ಈಗ ಒಳಗೆ ಪೂಜೆಯ ಗಂಟೆ ನಿಂತಿತು. ಹೋಗಿ ಹೇಳುತ್ತೇನೆ. ಭಾನುವಾರ ನೀನು ಫೋನು ಮಾಡಿದಾಗ ನಾನು ಎತ್ತುವುದಿಲ್ಲ, ಆಕೆಯೇ ಎತ್ತುತ್ತಾಳೆ. ನೀನು ಮೊದಲು ಕ್ಷಮೆ ಕೇಳು, ಆಮೇಲೆ ನನ್ನ ಪರವಾಗಿಯೂ ಒಂದು ಮಾತು ಹಾಕು.